ಪಳಗಿಸುವ ಕೈ: ಅಶ್ವಪಾಲಕರ ಅರಿವಿನ ಚಾರಿತ್ರಿಕ ನೆಲೆ

ದಕ್ಷಿಣ ಭಾರತದಲ್ಲಿ ಕುದುರೆಯ ಚರಿತ್ರೆಯು ಬಹುಮಟ್ಟಿಗೆ ವ್ಯಾಪಾರ ಮತ್ತು ಯುದ್ಧಗಳ ಚರಿತ್ರೆಯಾಗಿಯೇ ರಚಿತವಾಗಿದೆ. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬ 16ನೆಯ ಶತಮಾನದ ಪೋರ್ಚುಗೀಸ್ ವರ್ತಕ ನ್ಯೂನಿಜನ ಹೇಳಿಕೆ ವಿದ್ವಾಂಸರಿಗೆ ಸುಪರಿಚಿತ. ಸಾಳುವ ನರಸಿಂಹನು (1485–91) ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಕೊಡುತ್ತಿದ್ದನೆಂದೂ ಆತ ಬರೆದಿದ್ದಾನೆ. ಸತ್ತ ಕುದುರೆಯ ಬೆಲೆಯೂ ದಾಖಲೆಗೆ ಸೇರಿದೆ. ಬದುಕಿ ಬಂದ ಕುದುರೆಯನ್ನು ಪಳಗಿಸಿದವನ ಹೆಸರು ಸೇರಿಲ್ಲ.

ಆದರೆ ನ್ಯೂನಿಜನ ಬರಹದಲ್ಲಿಯೇ ಇನ್ನೊಂದು ಮಾಹಿತಿಯಿದೆ. ಅರಸನ ಸೇವೆಯಲ್ಲಿ ಕುದುರೆಗಳನ್ನು ನೋಡಿಕೊಳ್ಳುವವರು 1,600 ಮಂದಿ, ಅವುಗಳಿಗೆ ಶಿಕ್ಷಣ ಕೊಡುವವರು 300 ಮಂದಿ ಇದ್ದರು. ಪಾಲನೆ ಮತ್ತು ಶಿಕ್ಷಣಗಳು ಆಗಲೇ ಪ್ರತ್ಯೇಕ ಕಸುಬುಗಳಾಗಿದ್ದವೆಂಬುದು ಇದರಿಂದ ಸ್ಪಷ್ಟ. ಕನ್ನಡ ಶಾಸನಗಳಲ್ಲಿ ಅಶ್ವಾಧಿಕಾರಿಯಾದ ‘ಸಾಹಣಿ’ಯ ಉಲ್ಲೇಖವುಂಟು, ಅವನ ಕೈಕೆಳಗೆ ಲಾಯದಲ್ಲಿ ದುಡಿದವರು ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಶಿಲ್ಪಪಟ್ಟಿಕೆಗಳಲ್ಲಿ ಕುದುರೆ ಹಿಡಿದು ನಡೆಯುವ ಅನಾಮಿಕರಾಗಿಯಷ್ಟೇ ಕಾಣಿಸಿಕೊಳ್ಳುತ್ತಾರೆ.

ಇವರ ಅರಿವಿನ ಸ್ವರೂಪವನ್ನು ಶಾಸ್ತ್ರಗ್ರಂಥಗಳಿಂದ ಭಾಗಶಃ ಊಹಿಸಬಹುದು. ನಾಲ್ಕೈದು ವರ್ಷ ತುಂಬಿದ ಕುದುರೆಯೇ ಕೆಲಸಕ್ಕೆ ಯೋಗ್ಯವೆಂದು ಕೌಟಿಲ್ಯನ ಅರ್ಥಶಾಸ್ತ್ರವು ಹೇಳುತ್ತದೆ. ತೀಕ್ಷ್ಣ, ಭದ್ರ, ಮಂದ ಎಂಬ ಸ್ವಭಾವಭೇದವನ್ನು ಅರಿತು ಅದಕ್ಕೆ ತಕ್ಕ ಕೆಲಸ ಒಪ್ಪಿಸಬೇಕೆಂದೂ ವಿಧಿಸುತ್ತದೆ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ವಾಜಿವಾಹ್ಯಾಲಿ ವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದೆ. ಗ್ರೀಸಿನ ಕ್ಸೆನೊಫನ್ ಕ್ರಿ.ಪೂ. 4ನೆಯ ಶತಮಾನದಲ್ಲಿ ಕುದುರೆಯೊಡನೆ ಎಂದೂ ಕೋಪದಿಂದ ವರ್ತಿಸಬಾರದೆಂದು ಬರೆದನು. ದೇಶಕಾಲಗಳು ಬೇರೆಯಾದರೂ, ಪ್ರಾಣಿಯ ಸ್ವಭಾವವನ್ನು ಮೊದಲು ಅರಿಯಬೇಕೆಂಬ ನಿಲುವು ಸಮಾನವಾದುದು.

ಕನ್ನಡದ ‘ಪಳಗಿಸು’ ಎಂಬ ಕ್ರಿಯಾಪದ ಈ ಸಂದರ್ಭದಲ್ಲಿ ವಿಚಾರಾರ್ಹ. ಬಳಕೆಯಿಂದ ರೂಢಿಯಾಗುವುದು ‘ಪಳಗು’. ಪಳಗಿದ ಕುದುರೆ ಎನ್ನುವಂತೆಯೇ ಪಳಗಿದ ಕೈ ಎಂದೂ ಹೇಳುವುದುಂಟು; ಕಲಿಯುವ ಪ್ರಾಣಿಗೂ ಕಲಿಸುವ ಕೈಗೂ ಮಾತು ಒಂದೇ. ಪದವೊಂದೇ ಸಾಕ್ಷ್ಯವಾಗಲಾರದು, ಆದರೆ ಆಚರಣೆಯೂ ಅದನ್ನು ಬೆಂಬಲಿಸುತ್ತದೆ. ಆಶ್ವಯುಜ ಮಾಸದ ಒಂಬತ್ತನೆಯ ದಿನ ಕುದುರೆಗಳಿಗೆ ನೀರಾಜನ ಮಾಡಬೇಕೆಂದು ಅರ್ಥಶಾಸ್ತ್ರ ವಿಧಿಸಿದೆ. ವಿಜಯನಗರದ ಮಹಾನವಮಿಯಲ್ಲಿ ಅಲಂಕೃತ ಅಶ್ವಗಳಿಗೆ ಪೂಜೆ ನಡೆದುದನ್ನು ಪಾಯೆಸ್ ಕಂಡಿದ್ದನು. ಮೈಸೂರು ಅರಮನೆಯ ಆಯುಧಪೂಜೆಯಲ್ಲಿ ಪಟ್ಟದ ಕುದುರೆಗೆ ಇಂದಿಗೂ ಸ್ಥಾನವಿದೆ. ಬೆದರುವುದೇ ಸಹಜಗುಣವಾದ ಪ್ರಾಣಿಯು ವಾದ್ಯ, ದೀಪ, ಜನಸಂದಣಿಗಳ ನಡುವೆ ಶಾಂತವಾಗಿ ನಿಲ್ಲಬೇಕಾದರೆ, ದಿನನಿತ್ಯದ ಮೈದಡವುವಿಕೆ, ಮೇವು ಮತ್ತು ಪರಿಚಿತ ದನಿಗಳ ದೀರ್ಘ ಅಭ್ಯಾಸ ಅಗತ್ಯ. ಆದ್ದರಿಂದ ಈ ಆಚರಣೆಯನ್ನು ರಾಜವೈಭವದ ಪ್ರದರ್ಶನವೆಂದಷ್ಟೇ ಅಲ್ಲ, ಅಶ್ವಪಾಲಕನ ದುಡಿಮೆಯ ಬಹಿರಂಗ ಪರೀಕ್ಷೆಯೆಂದೂ ಓದಬಹುದು.

ಮೋಟಾರು ವಾಹನಗಳು ಬಂದ ಮೇಲೆ ಈ ಕಸುಬಿನ ಅವಕಾಶ ಕುಗ್ಗಿತು. ಮೈಸೂರಿನ ಟಾಂಗಾವಾಲರು ಹಾಗೂ ಅಶ್ವಾರೋಹಿ ಪೊಲೀಸ್ ದಳದ ಲಾಯಗಳಲ್ಲಿ ದುಡಿಯುವವರಲ್ಲಿ ಉಳಿದಿರುವ ಪದಕೋಶ, ಕರೆಯುವ ದನಿ, ನಂಬಿಕೆ ಮತ್ತು ಚಿಕಿತ್ಸಾವಿಧಾನಗಳನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸುವುದು ತುರ್ತಿನ ಕೆಲಸ. ಲೆಕ್ಕಪತ್ರಗಳು ಕುದುರೆಯ ಬೆಲೆಯನ್ನು ತಿಳಿಸಬಲ್ಲವು. ಅದು ಮನುಷ್ಯನನ್ನು ನಂಬಿದ ಬಗೆಯನ್ನು ತಿಳಿಸಬಲ್ಲುದು ಮೌಖಿಕ ಪರಂಪರೆ ಮಾತ್ರ.