ಹಳೆಯ ಡೆಸ್ಕ್‌ಟಾಪ್ ಗಣಕಯಂತ್ರ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಚೇರಿಗಳು ಹಾಗೂ ಸಾಫ್ಟ್‌ವೇರ್ ಸಂಸ್ಥೆಗಳು ಕೆಲವು ವರ್ಷ ಬಳಸಿ ಬದಲಾಯಿಸಿದ ಡೆಸ್ಕ್‌ಟಾಪ್ ಗಣಕಯಂತ್ರಗಳು ಹೊಸ ಯಂತ್ರಕ್ಕಿಂತ ಬಹಳ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆ ಇಂತಹ ವ್ಯಾಪಾರಕ್ಕೆ ರಾಜ್ಯದಾದ್ಯಂತ ಹೆಸರಾದ ಸ್ಥಳ. ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ನಂತರ, ವಿಂಡೋಸ್ 11ಕ್ಕೆ ಅರ್ಹತೆಯಿಲ್ಲದ ಯಂತ್ರಗಳನ್ನು ಕೈಬಿಡಲು ಕಚೇರಿಗಳಿಗೆ ಮತ್ತೊಂದು ಕಾರಣ ದೊರೆತಿದೆ. ಬೆಲೆ ಇಳಿದಿರುವುದರ ಹಿಂದಿನ ಈ ಕಾರಣವನ್ನು ಅರಿಯದೆ ಕೊಂಡವರು, ಉಳಿತಾಯವಾಯಿತೆಂದು ಭಾವಿಸಿದ ಹಣವನ್ನು ದುರಸ್ತಿಗೆ ತೆರಬೇಕಾಗಬಹುದು.

ಊರಿನ ದೂರವೂ ಲೆಕ್ಕಕ್ಕೆ ಬರುತ್ತದೆ. ಅಂಗಡಿಯ ಪಕ್ಕದ ಬಡಾವಣೆಯಲ್ಲಿರುವವರು ಕೆಟ್ಟ ಯಂತ್ರವನ್ನು ಮರುದಿನವೇ ಹಿಂದಿರುಗಿಸಬಲ್ಲರು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಘೋಡಗೇರಿಯಂತಹ ಗ್ರಾಮದಲ್ಲಿ ಮಕ್ಕಳ ವ್ಯಾಸಂಗಕ್ಕೆಂದು ಬೆಂಗಳೂರಿನಿಂದ ಯಂತ್ರ ತರಿಸಿದ ಕುಟುಂಬಕ್ಕೆ ಆ ಅನುಕೂಲವಿಲ್ಲ. ಸಾಗಣೆ ವೆಚ್ಚ, ಹೋಗಿಬರುವ ದಿನಗಳು, ದಾರಿಯಲ್ಲಿ ಹಾನಿಯಾಗುವ ಸಂಭವ ಎಲ್ಲವೂ ಬೆಲೆಗೆ ಸೇರುತ್ತವೆ. ಆದ್ದರಿಂದ ಬೆಳಗಾವಿ ಅಥವಾ ಗೋಕಾಕದಂತಹ ಸಮೀಪದ ಪಟ್ಟಣದಲ್ಲಿ ತುಸು ಹೆಚ್ಚು ಬೆಲೆಗೆ ದೊರೆಯುವ ಯಂತ್ರವೇ ಒಟ್ಟಾರೆ ಅಗ್ಗವಾಗುವುದುಂಟು.

ಪ್ರೊಸೆಸರ್‌ನ ವಯಸ್ಸು ಅರಿಯುವುದು ಹೇಗೆ?

"ಐ5 ಯಂತ್ರ" ಎಂಬ ಮಾತಿನಿಂದ ಏನೂ ತಿಳಿಯದು. 2009ರಲ್ಲಿ ಬಂದದ್ದೂ ಐ5, ಹತ್ತು ವರ್ಷಗಳ ನಂತರ ಬಂದದ್ದೂ ಐ5. ಗಮನಿಸಬೇಕಾದುದು ಅದರ ಮುಂದಿನ ಅಂಕಿಗಳನ್ನು. ಐ5-4570 ಎಂದಿದ್ದರೆ ಅದು ನಾಲ್ಕನೆಯ ತಲೆಮಾರಿನದು. ಐ5-8400 ಎಂದಿದ್ದರೆ ಎಂಟನೆಯದು. ಐ5-10400 ಎಂದಿದ್ದರೆ ಹತ್ತನೆಯದು.

ಈ ಸರಣಿಯಲ್ಲಿ ಎಂಟನೆಯ ತಲೆಮಾರು ಒಂದು ಗಡಿರೇಖೆ. ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು ಹಾಗೂ ಎಎಂಡಿ ರೈಜೆನ್ 2000 ಸರಣಿಯಿಂದ ಈಚಿನ ಪ್ರೊಸೆಸರ್‌ಗಳಿಗೆ ಮಾತ್ರ ವಿಂಡೋಸ್ 11ರ ಅಧಿಕೃತ ಬೆಂಬಲವಿದೆ. ಇದರೊಂದಿಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹಣಾ ಸ್ಥಳ ಅಗತ್ಯ. ಅರ್ಹತೆಯಿಲ್ಲದ ಯಂತ್ರದಲ್ಲಿಯೂ ಅಡ್ಡದಾರಿಯಿಂದ ವಿಂಡೋಸ್ 11 ಅಳವಡಿಸಿ ಮಾರುವವರಿದ್ದಾರೆ. ಅಂತಹ ಯಂತ್ರಕ್ಕೆ ಮುಂದಿನ ನವೀಕರಣಗಳು ದೊರೆಯುವ ಖಾತರಿಯಿಲ್ಲ.

ಬೆಂಬಲ ನಿಂತರೆ ಆಗುವುದೇನು?

ಯಂತ್ರ ತಕ್ಷಣ ನಿಂತುಹೋಗುವುದಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರ ಬರುವುದು ನಿಲ್ಲುತ್ತದೆ. ಕಾಲಕ್ರಮೇಣ ಇತರ ತಂತ್ರಾಂಶಗಳೂ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಅಂತ್ಯಗೊಂಡಿತು. 2023ರ ಫೆಬ್ರವರಿಯಲ್ಲಿ ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಗಳೂ ಅದರಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿದವು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇಂತಹ ಲೋಪ ಉಳಿದರೆ ನಷ್ಟವು ಯಂತ್ರದ ಬೆಲೆಯನ್ನೇ ಮೀರಬಹುದು.

ಎಂಟನೆಯ ತಲೆಮಾರಿಗಿಂತ ಹಿಂದಿನ ಯಂತ್ರವನ್ನು ಉಪಯೋಗಿಸಲು ಯೋಗ್ಯ ದಾರಿಯೆಂದರೆ ಉಬುಂಟು ಅಥವಾ ಮಿಂಟ್‌ನಂತಹ ಲಿನಕ್ಸ್. ಇದು ಉಚಿತ. ಪತ್ರ ಬರೆಯಲು, ಅಂತರಜಾಲ ನೋಡಲು, ಪಾಠದ ವಿಡಿಯೊ ವೀಕ್ಷಿಸಲು, ಪ್ರೋಗ್ರಾಮಿಂಗ್ ಕಲಿಯಲು ಸಾಕಾಗುತ್ತದೆ. ಆದರೆ ಲೆಕ್ಕಪತ್ರದ ಟ್ಯಾಲಿಯಂತಹ, ವಿಂಡೋಸ್‌ಗೆಂದೇ ರೂಪಿಸಿದ ತಂತ್ರಾಂಶವನ್ನು ಕಲಿಯಬೇಕಾದವರಿಗೆ ಇದು ಸೂಕ್ತವಲ್ಲ. 32 ಬಿಟ್ ಪ್ರೊಸೆಸರ್‌ನ ತೀರ ಹಳೆಯ ಪೆಂಟಿಯಂ ಯಂತ್ರಗಳನ್ನು ಪ್ರಮುಖ ಲಿನಕ್ಸ್ ವಿತರಣೆಗಳೂ ಕೈಬಿಟ್ಟಿವೆ. ಅವು ಯಾವ ಬೆಲೆಗೂ ಲಾಭದಾಯಕವಲ್ಲ.

ಕನ್ನಡದ ಬಳಕೆ

ಇಂದಿನ ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ಯೂನಿಕೋಡ್ ಕನ್ನಡ ಓದಲು, ಬರೆಯಲು ತೊಡಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಲಭ್ಯ. ನುಡಿ ಅಥವಾ ಬರಹದ ಹಿಂದಿನ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳು ಮನೆಯಲ್ಲಿದ್ದರೆ, ಅವನ್ನು ತೆರೆಯಲು ಆಯಾ ಫಾಂಟ್‌ಗಳನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕು. ಇಲ್ಲವಾದರೆ ಅಕ್ಷರಗಳು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ.

ಅಂಗಡಿಯಲ್ಲಿ ಪರೀಕ್ಷಿಸಬೇಕಾದವು

* ಯಂತ್ರವನ್ನು ಕನಿಷ್ಠ ಅರ್ಧ ಗಂಟೆ ಚಾಲನೆಯಲ್ಲಿಡಬೇಕು. ಬಿಸಿಯಾದ ಮೇಲೆ ಸ್ಥಗಿತಗೊಳ್ಳುವ ದೋಷ ಐದು ನಿಮಿಷದಲ್ಲಿ ಗೋಚರಿಸದು.
* ಪೆಟ್ಟಿಗೆಯ ಪಕ್ಕದ ಫಲಕ ತೆಗೆಸಿ ಮದರ್‌ಬೋರ್ಡ್ ನೋಡಬೇಕು. ಸಣ್ಣ ಡಬ್ಬಿಯಾಕಾರದ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಸೋರಿದ್ದರೆ ಕೊಳ್ಳಬಾರದು.
* ಹಾರ್ಡ್ ಡಿಸ್ಕ್‌ನ ಆರೋಗ್ಯವನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋದಂತಹ ಉಚಿತ ತಂತ್ರಾಂಶದಿಂದ ಪರಿಶೀಲಿಸಬಹುದು. ಎಷ್ಟು ಗಂಟೆ ಓಡಿದೆ, ಹಾಳಾದ ಭಾಗಗಳಿವೆಯೇ ಎಂಬುದು ಅದರಲ್ಲಿ ದಾಖಲಾಗಿರುತ್ತದೆ.
* ಯುಎಸ್‌ಬಿ ಕಿಂಡಿಗಳು, ಧ್ವನಿ, ನೆಟ್‌ವರ್ಕ್ ಎಲ್ಲವನ್ನೂ ಒಂದೊಂದಾಗಿ ಪ್ರಯೋಗಿಸಬೇಕು.
* ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ ಅಂಗಡಿಯವರಿಂದಲೇ ತೆಗೆಸಬೇಕು. ತೆಗೆಯಲಾಗದಿದ್ದರೆ ಯಂತ್ರದ ಮೂಲವೇ ಸಂದೇಹಾಸ್ಪದ.
* ಯಂತ್ರದ ಕ್ರಮಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು. ಕಳವಿನ ಮಾಲಿನ ಆರೋಪ ಬಂದಾಗ ಇದೇ ರಕ್ಷಣೆ. ಖಾತರಿಯ ಅವಧಿಯನ್ನೂ ಅದರಲ್ಲಿಯೇ ಬರೆಸುವುದು ಒಳಿತು.

ಬೆಲೆಗೆ ಸೇರುವ ಇತರ ವೆಚ್ಚಗಳು

ತಿರುಗುವ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸಿದರೆ ಹಳೆಯ ಯಂತ್ರದ ವೇಗ ಗಣನೀಯವಾಗಿ ಹೆಚ್ಚುತ್ತದೆ. ರ‍್ಯಾಮ್ 8 ಜಿಬಿ ಇರುವುದು ಅಪೇಕ್ಷಣೀಯ. 2025ರ ಉತ್ತರಾರ್ಧದಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದ್ದರಿಂದ, ನಂತರ ಸೇರಿಸಿಕೊಂಡರಾಯಿತು ಎನ್ನುವುದಕ್ಕಿಂತ ಮೊದಲೇ ಸಾಕಷ್ಟು ರ‍್ಯಾಮ್ ಇರುವ ಯಂತ್ರವನ್ನು ಆರಿಸುವುದು ಜಾಣತನ. ಹಳೆಯ ಡಿಡಿಆರ್3 ಮಾದರಿಯ ರ‍್ಯಾಮ್ ಡಿಡಿಆರ್4 ಮದರ್‌ಬೋರ್ಡ್‌ಗೆ ಹೊಂದುವುದಿಲ್ಲ.

ಡೆಸ್ಕ್‌ಟಾಪ್‌ಗೆ ಬ್ಯಾಟರಿ ಇರುವುದಿಲ್ಲ. ವಿದ್ಯುತ್ ಆಗಾಗ ಕಡಿತಗೊಳ್ಳುವ ಗ್ರಾಮಗಳಲ್ಲಿ ಯುಪಿಎಸ್ ಅನಿವಾರ್ಯ; ಇಲ್ಲವಾದರೆ ಬರೆದದ್ದು ಅಳಿಯುವುದಲ್ಲದೆ ಡಿಸ್ಕ್ ಕೂಡ ಹಾಳಾಗಬಹುದು. ಪರದೆ ಸೇರಿ 100 ವ್ಯಾಟ್ ಬಳಸುವ ಯಂತ್ರ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ.

ತೀರ್ಮಾನ

ಯಂತ್ರದ ಬೆಲೆ, ಸಾಗಣೆ, ಎಸ್‌ಎಸ್‌ಡಿ, ಪರದೆ, ಯುಪಿಎಸ್ ಎಲ್ಲವನ್ನೂ ಕೂಡಿಸಿದ ಮೊತ್ತವು ಹೊಸ ಯಂತ್ರದ ಅರ್ಧ ಬೆಲೆಯನ್ನು ದಾಟಿದರೆ ಹಳೆಯದನ್ನು ಬಿಡುವುದು ಲೇಸು. ಹೊಸದಕ್ಕೆ ಖಾತರಿಯೂ ಹೆಚ್ಚಿನ ಆಯುಷ್ಯವೂ ಇರುತ್ತವೆ. ಮೊತ್ತ ಅದಕ್ಕಿಂತ ಕೆಳಗಿದ್ದು, ಯಂತ್ರ ಎಂಟನೆಯ ತಲೆಮಾರಿನದೋ ನಂತರದದೋ ಆಗಿದ್ದರೆ ಕೊಳ್ಳಬಹುದು. ನಾಲ್ಕರಿಂದ ಏಳನೆಯ ತಲೆಮಾರಿನ ಯಂತ್ರ, ಲಿನಕ್ಸ್ ಬಳಸಲು ಸಿದ್ಧರಿರುವ ವಿದ್ಯಾರ್ಥಿಗಳಿಗೆ ಮಾತ್ರ ಯೋಗ್ಯ. ಅದಕ್ಕೂ ಹಿಂದಿನದನ್ನು ಹಣ ಕೊಟ್ಟು ತರಬೇಕಾಗಿಲ್ಲ.

ಕೊಂಡ ಯಂತ್ರವನ್ನು ಮನೆಗೆ ತಂದೊಡನೆ ಡಿಸ್ಕ್ ಪೂರ್ತಿ ಅಳಿಸಿ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಬೇಕು. ಹಿಂದಿನವರ ಕಡತಗಳೊಂದಿಗೆ ವೈರಸ್ ಕೂಡ ಬಂದಿರಬಹುದು. ಯಂತ್ರದ ಆಯುಷ್ಯ ಮುಗಿದಾಗ ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ತಲುಪಿಸಬೇಕು. ಹಳೆಯ ಬೋರ್ಡ್‌ಗಳ ಬೆಸುಗೆಯಲ್ಲಿರುವ ಸೀಸ ಮಣ್ಣಿಗೂ ನೀರಿಗೂ ವಿಷವಾಗುತ್ತದೆ.