ಶರಾವತಿ ಅಳಿವೆ: ಮಲೆನಾಡಿನ ನೀರು, ಕರಾವಳಿಯ ಜೀವಸಂಕುಲ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ, ಸಾಗರ ತಾಲ್ಲೂಕುಗಳ ಮೂಲಕ ಹರಿದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸಿಹಿನೀರು ಮತ್ತು ಉಪ್ಪುನೀರು ಬೆರೆಯುವ ಅಲ್ಲಿನ ಅಳಿವೆಯ ಜೀವಸಂಕುಲಕ್ಕೂ ಘಟ್ಟದ ಮೇಲಿನ ಅಣೆಕಟ್ಟಿಗೂ ಇರುವ ನಂಟನ್ನು ದಾಖಲಿಸಿದವರಲ್ಲಿ ಸಸ್ಯವಿಜ್ಞಾನಿ ಡಾ. ಎಂ.ಡಿ. ಸುಭಾಷ್ ಚಂದ್ರನ್ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಪ್ರಮುಖರು.

ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸುಭಾಷ್ ಚಂದ್ರನ್, ಮಾಧವ ಗಾಡ್ಗೀಳರೊಡನೆ ಪಶ್ಚಿಮ ಘಟ್ಟದ ಕಾನು ಹಾಗೂ ದೇವರಕಾಡುಗಳನ್ನು ಅಧ್ಯಯನ ಮಾಡಿದವರು. ಕರಾವಳಿಯ ಕಾಂಡ್ಲಾವನ, ಮೀನು, ಚಿಪ್ಪಿಕಲ್ಲುಗಳೂ ಅವರ ಸಂಶೋಧನೆಯ ವಿಷಯಗಳಾದವು.

ಅಳಿವೆಯ ಲವಣಾಂಶವು ಸಹಜವಾಗಿ ಮಳೆಗಾಲದಲ್ಲಿ ಕುಸಿದು ಬೇಸಿಗೆಯಲ್ಲಿ ಏರುತ್ತದೆ. ಆದರೆ 1964ರಲ್ಲಿ ನಿರ್ಮಾಣಗೊಂಡ ಲಿಂಗನಮಕ್ಕಿ ಜಲಾಶಯದ ನೀರು ವಿದ್ಯುತ್ ಉತ್ಪಾದನೆಯ ಬಳಿಕ ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ. ಇದರಿಂದ ಶರಾವತಿ ಅಳಿವೆಯ ಲವಣಾಂಶ ತಗ್ಗಿ, ಉಪ್ಪುನೀರನ್ನು ಬೇಡುವ ಚಿಪ್ಪಿಕಲ್ಲು ಹಾಗೂ ಮೀನುಗಳು ಕ್ಷೀಣಿಸಿದವು. ದೊಡ್ಡ ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯಲ್ಲಿ ಇವುಗಳ ವೈವಿಧ್ಯ ಹೆಚ್ಚು. ಆ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾಯಿತು.

ಜಲಾಶಯಕ್ಕಾಗಿ ಸಾಗರ, ಹೊಸನಗರ ಭಾಗದ ಜನರು ಮನೆ, ತೋಟಗಳನ್ನು ಕಳೆದುಕೊಂಡರು. ಅದೇ ವಿದ್ಯುತ್ತಿನ ಬೆಲೆಯನ್ನು ಘಟ್ಟದ ಕೆಳಗೆ ಮೀನು ಹಿಡಿದು, ಚಿಪ್ಪಿಕಲ್ಲು ಆಯ್ದು ಬದುಕುವವರೂ ತೆತ್ತಿದ್ದಾರೆ ಎಂಬುದನ್ನು ಈ ಅಧ್ಯಯನಗಳು ತೋರಿಸುತ್ತವೆ.