ವಿಮಾನಕ್ಕಿಂತ ಹಿರಿಯ ಕಾಗದದ ವಿಮಾನ

ಕಾಗದದ ವಿಮಾನವೆಂದರೆ ನಿಜವಾದ ವಿಮಾನದ ಅಣಕು ಎಂದೇ ಎಲ್ಲರ ಎಣಿಕೆ. ಇಸವಿಗಳನ್ನು ಎದುರಿಗಿಟ್ಟುಕೊಂಡರೆ ಈ ಎಣಿಕೆ ತಲೆಕೆಳಗಾಗುತ್ತದೆ. ರೈಟ್ ಸೋದರರು ಕಿಟ್ಟಿ ಹಾಕ್‌ನಲ್ಲಿ ಹಾರಿದ್ದು 1903ರ ಡಿಸೆಂಬರ್ 17ರಂದು. ಹಾಳೆ ಮಡಚಿ ಎಸೆಯುವ 'ಪೇಪರ್ ಡಾರ್ಟ್' ಲಂಡನ್ನಿನಲ್ಲಿ ಅಚ್ಚಾದ 'ಎವ್ರಿ ಲಿಟ್ಲ್ ಬಾಯ್ಸ್ ಬುಕ್' ಎಂಬ ಆಟಗಳ ಪುಸ್ತಕದಲ್ಲಿ 1864ರಲ್ಲೇ ಸಿಗುತ್ತದೆ. ಇನ್ನೂ ಹುಟ್ಟದ ಯಂತ್ರವನ್ನು ಹುಡುಗರು ಅಣಕಿಸಲು ಸಾಧ್ಯವಿರಲಿಲ್ಲ. ಆದ್ದರಿಂದ ಈ ಆಟಿಕೆಯ ಬೇರನ್ನು ಹಾರಾಟದ ಚರಿತ್ರೆಗಿಂತ ಕಾಗದದ ಬೆಲೆಯ ಚರಿತ್ರೆಯಲ್ಲಿ ಹುಡುಕುವುದೇ ಸರಿ ಎಂಬುದು ನನ್ನ ವಾದ.

ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಯುರೋಪಿನ ಕಾಗದವೆಂದರೆ ಚಿಂದಿ ಬಟ್ಟೆ ಅರೆದು, ಒಂದೊಂದೇ ಹಾಳೆಯಾಗಿ ಕೈಯಲ್ಲಿ ಎತ್ತಿದ್ದು. ಫ್ರಾನ್ಸಿನ ಲೂಯಿ ನಿಕೊಲಾ ರಾಬರ್ 1799ರಲ್ಲಿ ಕಾಗದದ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಉತ್ಪಾದನೆ ಬೆಳೆಯಿತು. ಆದರೂ ಬ್ರಿಟಿಷ್ ಸರ್ಕಾರ ಕಾಗದವನ್ನು ತೂಗಿ ಪೌಂಡಿಗೆ ಒಂದೂವರೆ ಪೆನ್ನಿ ಸುಂಕ ಎತ್ತುತ್ತಿತ್ತು. ಹಣಕಾಸು ಸಚಿವ ಗ್ಲ್ಯಾಡ್‌ಸ್ಟನ್ 1860ರಲ್ಲಿ ಅದನ್ನು ತೆಗೆಯಹೊರಟಾಗ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಅಡ್ಡ ಬಂತು. ಮರುವರ್ಷ ಸುಂಕ ರದ್ದಾಯಿತು. ಅದಾದ ಮೂರನೇ ವರ್ಷಕ್ಕೆ ಆ ಪುಸ್ತಕ ಬಂತೆಂಬ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಹುಟ್ಟಿತೆನ್ನಲಾಗದು. ಡಾರ್ಟ್ ಅದಕ್ಕೂ ಹಳೆಯದಿದ್ದೀತು. ಆದರೆ ಆಟದ ರೀತಿಯನ್ನೇ ನೋಡಿ. ಹಾಳೆಯನ್ನು ಉದ್ದಕ್ಕೆ ಮಡಚಿ ಬಿಚ್ಚಿ, ಎರಡು ಮೂಲೆಗಳನ್ನು ನಡುಗೆರೆಗೆ ತಂದು, ಓರೆ ಅಂಚುಗಳನ್ನು ಇನ್ನೊಮ್ಮೆ ಒಳಕ್ಕೆ ಮಡಚಿದರೆ ಪದರಗಳೆಲ್ಲ ಮೂತಿಯ ಕಡೆ ಸೇರುತ್ತವೆ. ಭಾರ ಮುಂದಿರುವುದರಿಂದ ಅದು ಪಲ್ಟಿ ಹೊಡೆಯದೆ ಸಾಗುತ್ತದೆ. ಮೂತಿ ನೆಲಕ್ಕೆ ಕುಕ್ಕಿದರೆ ಹಿಂಬದಿಯ ಅಂಚನ್ನು ತುಸು ಮೇಲೆತ್ತಿ ಮತ್ತೆ ಎಸೆಯಬೇಕು. ಹೀಗೆ ಕೆಡಿಸಿ ಕೆಡಿಸಿ ಕಲಿಯುವ ಆಟ, ಹಾಳೆ ಹರಿದರೆ ಬೈಗುಳ ಬೀಳದ ಕಡೆಯಷ್ಟೇ ಬೆಳೆಯಬಲ್ಲದು.

ಕಾಗದ ಹುಟ್ಟಿದ್ದು ಚೀನಾದಲ್ಲಿ, ಮಡಿಕೆ ಕಲೆಯಾದದ್ದು ಜಪಾನಿನಲ್ಲಿ, ಅವರನ್ನೇಕೆ ಮರೆತಿರಿ ಎಂದು ಕೇಳಬಹುದು. 1797ರ 'ಹಿದೆನ್ ಸೆನ್‌ಬಜುರು ಒರಿಕಾತಾ' ಎಂಬ ಜಪಾನಿ ಪುಸ್ತಕ ಕಾಗದದ ಕ್ರೌಂಚಗಳನ್ನು ಮಡಚುವ ವಿಧಾನ ಹೇಳುತ್ತದೆ. ಕೈಕಾಗದವೂ ಮಡಿಕೆಗೆ ಒಗ್ಗುತ್ತದೆಂಬುದಕ್ಕೆ ಅದೇ ಸಾಕ್ಷಿ. ಆದರೆ ಆ ಹಕ್ಕಿಗಳು ನೋಡಿ ಮೆಚ್ಚಲು ಮಾಡಿದವು, ಎಸೆಯಲು ಅಲ್ಲ. ಇನ್ನು ಕೆಲವರು ಲಿಯೊನಾರ್ಡೊ ಡ ವಿಂಚಿಯನ್ನು ಮುಂದೆ ತರುತ್ತಾರೆ. ಹಕ್ಕಿಗಳ ಹಾರಾಟದ ಬಗ್ಗೆ ಅವನು ಬರೆದದ್ದು ನಿಜ. ಅದನ್ನು ಮಕ್ಕಳ ಡಾರ್ಟಿಗೆ ಗಂಟು ಹಾಕುವುದು ಎಳೆದು ತಂದ ಸಂಬಂಧ. ಇವೆರಡಕ್ಕಿಂತ ಬಲವಾದ ಆಕ್ಷೇಪ ಜಾರ್ಜ್ ಕೇಲಿಯ ಹೆಸರಿನಲ್ಲಿ ಬರುವುದು. ವಿಮಾನಶಾಸ್ತ್ರದ ಪಿತಾಮಹನೆನಿಸಿದ ಆತ 1804ರಲ್ಲೇ ಗ್ಲೈಡರ್ ಮಾದರಿಯೊಂದನ್ನು ಹಾರಿಸಿದ್ದ. ಆದರೆ ಅದರ ರೆಕ್ಕೆ ಯಾವುದು? ಕೋಲಿಗೆ ಕಟ್ಟಿದ ಒಂದು ಕಾಗದದ ಗಾಳಿಪಟ. ಅಂದರೆ ಇಲ್ಲಿ ಸಾಲ ಪಡೆದದ್ದು ಶಾಸ್ತ್ರ, ಕೊಟ್ಟದ್ದು ಆಟಿಕೆ.

ಈಗಂತೂ ಇದು ಎಂಜಿನಿಯರುಗಳ ಸ್ಪರ್ಧೆಯಾಗಿದೆಯಲ್ಲ ಎನ್ನಬಹುದು. 1966-67ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ನಡೆಸಿದ ಸ್ಪರ್ಧೆಗೆ 28 ದೇಶಗಳಿಂದ ಸುಮಾರು 12,000 ಕಾಗದದ ವಿಮಾನಗಳು ಬಂದವು. 2022ರ ಡಿಸೆಂಬರಿನಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಏರೋಸ್ಪೇಸ್ ಎಂಜಿನಿಯರುಗಳಿದ್ದ ತಂಡ 88.318 ಮೀಟರ್ ದೂರದ ದಾಖಲೆ ಬರೆಯಿತು. ಅಲ್ಲೂ ಅವರನ್ನು ಕಟ್ಟಿಹಾಕಿದ ನಿಯಮ ಕಾಗದದ್ದೇ. ಬಳಸಬೇಕಾದದ್ದು ಒಂದೇ ಎ4 ಹಾಳೆ. ಆ ಅಳತೆಯೋ 1922ರಲ್ಲಿ ಜರ್ಮನಿ ಕಚೇರಿಗಳ ಅನುಕೂಲಕ್ಕೆ ಗೊತ್ತುಮಾಡಿದ್ದು. ನಮ್ಮ ನಾಡಿಗೂ ಈ ತರ್ಕ ಅನ್ವಯಿಸುತ್ತದೆ. ಕೂಲಿಮಠದ ಮಕ್ಕಳು ಅಕ್ಷರ ತಿದ್ದಿದ್ದು ಮರಳಿನಲ್ಲಿ, ಆಮೇಲಿನವರು ಸ್ಲೇಟಿನ ಮೇಲೆ. ಎರಡನ್ನೂ ಮಡಚಿ ಎಸೆಯಲಾಗದು. ಹಾಗಾಗಿ ಕನ್ನಡನಾಡಿನಲ್ಲಿ ಈ ಆಟದ ಚರಿತ್ರೆ ಬರೆಯಹೊರಟವರು 1940ರಲ್ಲಿ ಶುರುವಾದ ಬೆಂಗಳೂರಿನ ವಿಮಾನ ಕಾರ್ಖಾನೆಯ ಬಾಗಿಲು ತಟ್ಟುವ ಮೊದಲು, 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಯ ಲೆಕ್ಕವನ್ನೂ ಶಾಲೆಯ ನೋಟ್‌ಬುಕ್ಕಿನ ಬೆಲೆಯನ್ನೂ ವಿಚಾರಿಸಬೇಕು.